ಸಾಂತವ್ವನ ಸೀರೆಯ ಕೌದಿ

“ಕೇಳ್ರಪ್ಪೋ ಕೇಳ್ರಿ! ಗಂಡಭೇರುಂಡವನ್ನೇರಿ ಮುಗಿಲಾಚೆ ಹೋಗಿಬಂದ ರಾಜಕುಮಾರಿ ಚಿತ್ರಾವತಿ, ಅಲ್ಲಿಂದ ಕಂಡ ನೆಲದ ಮೇಲೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!”

ಡಂಗುರ ಕೇಳಿದಾಗ ಬಾಳಪ್ಪ ಸಂತೆಯಲ್ಲಿ ಕೂತು ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದ. ಹೋದ ವರ್ಷವೂ ಹೀಗೇ ಸಂತೆಗೆ ಬಂದಿದ್ದಾಗ ಅವನೂರಲ್ಲಿ ನೆಲ ನಡುಗಿ ಗುಡ್ಡ ಕುಸಿದಿತ್ತು. ಮನೆಯೊಳಗೆ ಹೆಂಡತಿ ಸಾಂತವ್ವ ಇದ್ದಳು. ಎಷ್ಟು ಅಗೆದರೂ ಮನೆ ಯಾವ ಮಣ್ಣಿನ ಕೆಳಗಿದೆಯೆಂದು ತಿಳಿಯಲಿಲ್ಲ. ಕೌದಿಗೆಂದು ಗಂಟಿನಲ್ಲಿ ತಂದಿದ್ದ ಅವಳ ಹಳೇ ಸೀರೆಯೊಂದೇ ಉಳಿದದ್ದು. ಮುಗಿಲಿಂದ ನೋಡಿದರೆ ಅವಳ ಜಾಗ ಕಂಡೀತು ಎನಿಸಿ, ಸೂಜಿಯನ್ನು ಸೀರೆಗೆ ಚುಚ್ಚಿ, ಗಂಟು ಕಟ್ಟಿಕೊಂಡು ಎದ್ದ.

ಆಸ್ಥಾನದಲ್ಲಿ ರಾಜಕುಮಾರಿ ಕೇಳುತ್ತಿದ್ದಳು: “ಯಾರೂ ಉಡದ ಬಟ್ಟೆಗೆ ಸಾಲು ಸಾಲು ನೆರಿಗೆ. ಏನದು?”

“ಕಡಲ ಅಲೆ,” ಎಂದ ಒಬ್ಬ ಅರಸುಮಗ. ತಲೆ ಉರುಳಿತು. ಎರಡನೆಯವನು “ಗುಡ್ಡದ ಸಾಲು” ಎಂದು ಗೆದ್ದು ಮೀಸೆ ತಿರುವಿದ. ರಾಜಕುಮಾರಿ ಎರಡನೆಯದು ಕೇಳಿದಳು: “ನೆಟ್ಟಗೆ ಬಂದ ಹೊಳೆ ಒಂದು ಕಡೆ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗೆ ಹರಿಯುತ್ತದೆ. ಸರಿಸಿದವರು ಯಾರು?” “ಕಾಲುವೆ ತೋಡಿದವರು!” ಅವನ ತಲೆಯೂ ಉರುಳಿತು.

ಮಂತ್ರಿ ಬಾಳಪ್ಪನ ಗಂಟು ನೋಡಿ ನಕ್ಕ. “ಏನಯ್ಯಾ, ಹಾಸಿಗೆ ಸಮೇತ ಬಂದಿದ್ದೀಯಾ?”

“ಹೂಂ ರೀ. ತಲೆ ಇಡಾಕ ಬೇಕಲ್ರಿ.”

ಬಾಳಪ್ಪ ಸೀರೆ ಹಾಸಿ ಎರಡೂ ಕಡೆಯಿಂದ ಒತ್ತಿದ, ನೆರಿಗೆ ಎದ್ದವು. “ನೆಲಾನೂ ಹಿಂಗ ಒತ್ತಿಸಿಕೊಂಡು ಗುಡ್ಡ ಆಗತೈತ್ರಿ, ತಾಯಿ.” ಬಳಿಕ ಎರಡು ಪಟ್ಟೆ ಬಟ್ಟೆಯ ತುಂಡು ಜೋಡಿಸಿ ಒಂದನ್ನು ಸರಿಸಿದ. ಗೆರೆಗೆ ಗೆರೆ ಕೂಡಲಿಲ್ಲ. “ನೀರು ಸರಿದಿಲ್ಲ. ಅದರ ಕೆಳಗಿನ ನೆಲ ಸರಿದೈತಿ.”

ರಾಜಕುಮಾರಿ ಮುಂದಕ್ಕೆ ಬಾಗಿದಳು. “ಕೊನೆಯದು. ಸೂಜಿಯಿಲ್ಲ, ದಾರವಿಲ್ಲ, ದೇಶದ ಉದ್ದಕ್ಕೂ ಒಂದು ಹೊಲಿಗೆ. ಹೊಲಿದವರು ಯಾರು?”

ಬಾಳಪ್ಪ ಸೀರೆಯನ್ನು ಮಡಿಲಿಗೆ ಎಳೆದುಕೊಂಡ. “ಯಾರೂ ಹೊಲಿದಿಲ್ರಿ. ದೂರದಿಂದ ನಿಮಗ ಹೊಲಿಗಿ ಕಂಡೈತಿ. ಅದು ನೆಲದ ಹರಕು, ತಾಯಿ. ನನ್ನ ಮನಿ ಅದರ ಮ್ಯಾಲಿತ್ತು.”

ಚಿತ್ರಾವತಿ ತಲೆ ತಗ್ಗಿಸಿದಳು. “ನಾನೂ ಹೊಲಿಗೆಯೆಂದೇ ತಿಳಿದಿದ್ದೆ. ಏನು ಬೇಕು, ಕೇಳು.”

“ಒಂದು ಸಲ ಹಕ್ಕಿ ಮ್ಯಾಲೆ ಕೂಡಸ್ರಿ.”

ಇಬ್ಬರೂ ಮುಗಿಲಾಚೆ ಏರಿದರು. ಗುಡ್ಡಗಳು ನೆರಿಗೆಯಾದವು, ಹೊಳೆ ಎಳೆಯಾಯಿತು. ಹರಕು ತೆಳ್ಳಗೆ, ನೆಟ್ಟಗೆ, ನುರಿತ ಕೈ ಹಾಕಿದ ಹೊಲಿಗೆಯ ಹಾಗೆ ಹೊಳೆಯಿತು. ಬಾಳಪ್ಪ ಕಣ್ಣು ಕಿರಿದು ಮಾಡಿ ಹುಡುಕಿದ. ಊರಿಲ್ಲ, ಮನೆಯಿಲ್ಲ, ಮಣ್ಣಿನ ಗುಡ್ಡೆಯೂ ಇಲ್ಲ.

“ಕಂಡಿತೇ?” ಎಂದಳು ಚಿತ್ರಾವತಿ.

“ಭಾಳ ಚೆಂದ ಕಾಣತೈತ್ರಿ,” ಎಂದು ಮುಖ ತಿರುಗಿಸಿಕೊಂಡ.

ಇಳಿದ ಮೇಲೆ ಅರಸ ಕೊಟ್ಟ ಪಟ್ಟೆಪೀತಾಂಬರವನ್ನೆಲ್ಲ ಕತ್ತರಿಸಿ ಸಾಂತವ್ವನ ಸೀರೆಗೆ ಸೇರಿಸಿ ಕೌದಿ ಮುಗಿಸಿದ. ಸೀರೆಯ ನಡುವೆ ಒಂದು ಕಡೆ ಹರಿದಿತ್ತು. ಅದಕ್ಕೆ ಮಾತ್ರ ಅವನು ಸೂಜಿ ಹಾಕಲಿಲ್ಲ.