ಹದಿಮೂರನೆಯ ಗುಡಾಣ

“ಗುರುಗಳೇ, ಏನು ಸಿಗುತ್ತದೆ ಎಂದು ಹೇಳಲಾರದವರಿಗೆ ಹುಡುಕುವ ಅವಕಾಶ ಕೊಡಬಹುದೇ?”

ಹೀಗೆ ಕೇಳಿದ ಶಿಷ್ಯ ಸ್ವತಃ ಪ್ರಾಧ್ಯಾಪಕ. ಒಂದು ವಿಶ್ವವಿದ್ಯಾನಿಲಯದ ಆಂತರಿಕ ಸಂಶೋಧನಾ ಅನುದಾನ ಸಮಿತಿಯ ಸಂಚಾಲಕ. ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರಿಗಾಗಿ, ಅದರಲ್ಲೂ ಹೊಸದಾಗಿ ಸೇರಿದವರಿಗಾಗಿ, ಪ್ರತಿವರ್ಷ ತೆಗೆದಿಡುವ ಅನುದಾನ ಅದು. ಹೊರಗಿನ ಸಂಸ್ಥೆಗಳ ಮುಂದೆ ನಿಲ್ಲುವಷ್ಟು ಬಲ ಇನ್ನೂ ಬಾರದವರು ಮೊದಲ ಹೆಜ್ಜೆ ಇಡಲಿ ಎಂಬುದು ಅದರ ಉದ್ದೇಶ. ಆ ವರ್ಷದ ಅರ್ಜಿಗಳ ವಿಲೇವಾರಿ ಮುಗಿದಿತ್ತು. ಒಂದು ಮಾತ್ರ ಉಳಿದಿತ್ತು. ಅದನ್ನು ಅವನು ಗುರುವಿನ ಮುಂದಿಟ್ಟ.

ಗುರು ಕನ್ನಡಕ ಹಾಕಿಕೊಂಡು ಓದಿದರು. ಅರ್ಜಿ ಹಾಕಿದ್ದವಳು ಹಿಂದಿನ ವರ್ಷ ಕೆಲಸಕ್ಕೆ ಸೇರಿದ ಅಧ್ಯಾಪಕಿ. ವಿಶ್ವವಿದ್ಯಾನಿಲಯದ ಹಿಂಬದಿಯಲ್ಲಿ ಎರಡು ಹಳೆಯ ಕಲ್ಲುಗಣಿಗಳಿವೆ. ಎರಡರಲ್ಲಿಯೂ ಮಳೆಯ ನೀರು ನಿಂತಿದೆ. ಒಂದರಲ್ಲಿ ಪಾಚಿ ಬೆಳೆಯುತ್ತದೆ. ಇನ್ನೊಂದರಲ್ಲಿ ಬೆಳೆಯುವುದಿಲ್ಲ. ಏಕೆ? ಅವಳ ಪ್ರಶ್ನೆ ಅಷ್ಟೇ. ‘ಈವರೆಗಿನ ಫಲಿತಾಂಶ’ ಎಂಬ ಅಂಕಣ ಖಾಲಿ ಇತ್ತು. ‘ನಿರೀಕ್ಷಿತ ಫಲಿತಾಂಶ’ ಎಂಬ ಅಂಕಣದಲ್ಲಿ ‘ತಿಳಿಯದು’ ಎಂದು ಬರೆದಿದ್ದಳು.

“ಈ ಎರಡು ಅಂಕಣಗಳು ಮೊದಲಿನಿಂದ ಇವೆಯೇ?” ಎಂದು ಗುರು ಕೇಳಿದರು.

“ಇಲ್ಲ. ಹಿಂದೆ ಒಂದು ಯೋಜನೆ ಹಾಳಾಯಿತು. ಆಮೇಲೆ ನಾನೇ ಸೇರಿಸಿದೆ. ಅಂದಿನಿಂದ ಒಂಬತ್ತು ವರ್ಷವಾಯಿತು. ನಮ್ಮ ಅನುದಾನ ಪಡೆದ ಯಾವ ಯೋಜನೆಯೂ ವಿಫಲವಾಗಿಲ್ಲ.”

“ಒಂದೂ?”

“ಒಂದೂ ಇಲ್ಲ, ಗುರುಗಳೇ.” ಶಿಷ್ಯನ ದನಿಯಲ್ಲಿ ಹೆಮ್ಮೆ ಇತ್ತು. ಆಮೇಲೆ ಅರ್ಜಿಯತ್ತ ಕೈ ತೋರಿಸಿದ. “ನಿಯಮದ ಪ್ರಕಾರ ಈ ಅರ್ಜಿಯನ್ನು ನಾಳೆ ತಿರಸ್ಕರಿಸಬೇಕು. ಆದರೆ ಆಕೆಗೆ ಪ್ರಯೋಗಾಲಯವಿಲ್ಲ. ಬೇರೆ ನೆರವೂ ಇಲ್ಲ. ಇದು ತಪ್ಪಿದರೆ ಆ ಪ್ರಶ್ನೆಯನ್ನೇ ಕೈಬಿಡುತ್ತಾಳೆ. ಆದ್ದರಿಂದ ಸಹಿ ಮಾಡುವ ಮುನ್ನ ತಮ್ಮನ್ನು ಕೇಳಲು ಬಂದೆ.”

ಗುರು ಹಾಳೆಗಳ ಅಂಚುಗಳನ್ನು ಸರಿಮಾಡಿ ಮೇಜಿನ ಮೇಲಿಟ್ಟರು. ನಂತರ ಈ ಕತೆಯನ್ನು ಹೇಳಿದರು.

ಬಣ್ಣಗಾರರ ಒಂದು ಕೇರಿ ಇತ್ತು. ಹತ್ತಿಯ ಬಟ್ಟೆಗೆ ಬಣ್ಣ ಹಾಕುವುದು ಅಲ್ಲಿಯವರ ಕಸುಬು. ಕೇರಿಯ ನಡುವಿನ ಅಂಗಳದಲ್ಲಿ ಬಣ್ಣ ಕಲಸುವ ಹದಿಮೂರು ದೊಡ್ಡ ಮಣ್ಣಿನ ಗುಡಾಣಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳಿದ್ದರು. ಹನ್ನೆರಡು ಗುಡಾಣಗಳು ಹನ್ನೆರಡು ಮನೆಗಳವು. ಹದಿಮೂರನೆಯದು ಯಾವ ಮನೆಗೂ ಸೇರಿದ್ದಲ್ಲ.

ಅದನ್ನು ಹೂಳಿಸಿದವರು ಕೇರಿಯ ಪೂರ್ವಿಕರು. ಉದ್ದೇಶ ಒಂದೇ. ಅದುವರೆಗೆ ಯಾರೂ ಹಾಕದ ಬಣ್ಣವನ್ನು ಅದರಲ್ಲಿ ಹಾಕಿ ನೋಡಬೇಕು. ಮನೆಯ ಗುಡಾಣದಲ್ಲಿ ಹಾಗೆ ನೋಡಲಾಗದು. ಅದು ಅನ್ನ ಕೊಡುವ ಗುಡಾಣ. ಕೆಟ್ಟರೆ ಮನೆ ಕೆಡುತ್ತದೆ. ಆದ್ದರಿಂದ ಕೆಟ್ಟರೂ ಯಾರ ಮನೆಯೂ ಕೆಡದಂತಹ ಒಂದು ಗುಡಾಣವನ್ನು ಅವರು ಬೇರೆಯಾಗಿ ಇಟ್ಟರು. ವರ್ಷಕ್ಕೆ ಒಬ್ಬರಿಗೆ ಅದು ಸಿಗುತ್ತಿತ್ತು. ಅದರ ಜೊತೆಗೆ ವರ್ಷಕ್ಕೆ ಸಾಕಾಗುವಷ್ಟು ನೀಲಿಯ ಉಂಡೆ, ಪಟಿಕ, ಸುಣ್ಣ ಸಿಗುತ್ತಿದ್ದವು. ಅದರಿಂದ ತೆಗೆದ ಬಟ್ಟೆಯನ್ನು ಮಾರುವಂತಿರಲಿಲ್ಲ.

ಒಂದು ವರ್ಷ ಒಬ್ಬನು ಆ ಗುಡಾಣದಲ್ಲಿ ಏನನ್ನೋ ಕಲಸಿ ಕೆಡಿಸಿದ. ಹದಿನೈದು ದಿನ ಕೇರಿಯಲ್ಲಿ ಯಾರೂ ಮೂಗಿನಿಂದ ಬಟ್ಟೆ ತೆಗೆಯಲಿಲ್ಲ. ಪಕ್ಕದ ಕೇರಿಯವರು ನಕ್ಕರು. ಹಿರಿಯರು ಕೂಡಿ ಒಂದು ನಿಯಮ ಮಾಡಿದರು. ಗುಡಾಣ ಕೇಳುವವರು ತಾವು ತೆಗೆಯಲಿರುವ ಬಣ್ಣದ ಒಂದು ಗೇಣು ಬಟ್ಟೆಯನ್ನು ಮೊದಲೇ ತಂದು ತೋರಿಸಬೇಕು.

ನಿಯಮ ಫಲ ಕೊಟ್ಟಿತು. ಅಂದಿನಿಂದ ಗುಡಾಣ ಒಮ್ಮೆಯೂ ಕೆಡಲಿಲ್ಲ. ವರ್ಷದ ಆರಂಭದಲ್ಲಿ ತೋರಿಸಿದ ಬಣ್ಣವೇ ವರ್ಷದ ಕೊನೆಯಲ್ಲಿ ಬರುತ್ತಿತ್ತು. ಎರಡು ಬಟ್ಟೆಗಳನ್ನು ಪಕ್ಕದಲ್ಲಿಟ್ಟರೆ ಎಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹಿರಿಯರು ತಲೆದೂಗುತ್ತಿದ್ದರು. ಗುಡಾಣ ಕೇಳಲು ಬರುವವರ ಸಂಖ್ಯೆ ಮಾತ್ರ ಕಡಿಮೆಯಾಗುತ್ತ ಬಂತು. ಮೊದಲು ಹತ್ತು ಹನ್ನೆರಡು ಜನ ಬರುತ್ತಿದ್ದರು. ಆಮೇಲೆ ನಾಲ್ವರು. ಆಮೇಲೆ ಇಬ್ಬರು. ಅಯೋಗ್ಯರು ತಾವಾಗಿಯೇ ಹಿಂದೆ ಸರಿದರು ಎಂದು ಹಿರಿಯರು ಅರ್ಥಮಾಡಿಕೊಂಡರು.

ಆ ವರ್ಷವೂ ಇಬ್ಬರೇ ಬಂದರು.

ಒಬ್ಬ ಹೆಸರಾಂತ ಬಣ್ಣಗಾರ. ಮನೆಯಲ್ಲಿ ಸ್ವಂತ ಗುಡಾಣವಿದ್ದವನು. ಹದಿಮೂರನೆಯ ಗುಡಾಣವನ್ನು ಹಿಂದೆ ಮೂರು ಸಲ ಪಡೆದವನು. ಅವನ ಕೈಯಲ್ಲಿ ನವಿಲಿನ ಕೊರಳಿನ ಬಣ್ಣದ ಬಟ್ಟೆ ಇತ್ತು.

ಇನ್ನೊಬ್ಬಳು ಒಂದು ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಬಟ್ಟೆಯನ್ನು ಕೆರೆಗೆ ಒಯ್ದು ಜಾಲಿಸಿ ತರುವುದು ಅವಳ ಪಾಲಿನ ಕೆಲಸ. ಆರು ವರ್ಷ ದುಡಿದು ಕಸುಬಿನ ಎಲ್ಲ ಹಂತಗಳನ್ನೂ ಕಲಿತಿದ್ದಳು. ಆದರೆ ಸ್ವತಂತ್ರವಾಗಿ ಒಂದು ಬಣ್ಣವನ್ನು ಪರೀಕ್ಷಿಸಿ ತೋರಿಸುವವರೆಗೆ ಆ ಕೇರಿಯಲ್ಲಿ ಯಾರನ್ನೂ ಬಣ್ಣಗಾರರೆಂದು ಕರೆಯುತ್ತಿರಲಿಲ್ಲ. ಅವಳನ್ನು ಜಾಲಿಸುವವಳು ಎಂದೇ ಕರೆಯುತ್ತಿದ್ದರು. ಗುಡಾಣ ಸಿಗದಿದ್ದರೆ ಕೊನೆಯವರೆಗೂ ಹಾಗೆಯೇ ಕರೆಯುತ್ತಾರೆ ಎಂಬುದು ಅವಳಿಗೆ ತಿಳಿದಿತ್ತು.

ಅವಳು ಒಂದು ಬಿಳಿಯ ಬಟ್ಟೆಯನ್ನು ಮುಂದಿಟ್ಟಳು. ಅದರ ಒಂದು ಮೂಲೆಯಲ್ಲಿ ಅಂಗೈಯಗಲ ಬೂದುಬಣ್ಣ ಹಿಡಿದಿತ್ತು. ಕೇರಿಯ ಹಿರಿಯ ಅದನ್ನು ತಿರುಗಿಸಿ ನೋಡಿದ.

“ಇದು ಕೆಸರಿನ ಕಲೆ.”

“ಹೌದು, ಅಯ್ಯಾ. ಅಳಲೆಕಾಯಿಯ ನೀರಿನಲ್ಲಿ ಅದ್ದಿದ ಬಟ್ಟೆ. ಕೆರೆಯ ಕೆಳಗಿನ ಮೆಟ್ಟಿಲಲ್ಲಿ ಜಾಲಿಸುವಾಗ ಕೆಸರು ತಾಗಿತು. ಬಟ್ಟೆ ಕೆಡಿಸಿದೆ ಎಂದು ಯಜಮಾನರು ಬೈದರು. ಹನ್ನೊಂದು ಸಲ ಒಗೆದೆ, ಹೋಗಲಿಲ್ಲ. ಮೇಲಿನ ಮೆಟ್ಟಿಲಿನ ಕೆಸರು ಒಂದೇ ಒಗೆತಕ್ಕೆ ಹೋಗುತ್ತದೆ. ಕೆಳಗಿನದು ಏಕೆ ಹೋಗುವುದಿಲ್ಲ? ಅದನ್ನು ನೋಡಬೇಕು.”

ಬಣ್ಣಗಾರ ನಕ್ಕ. “ಕೆಸರಿನ ವಿಚಾರಕ್ಕೆ ಗುಡಾಣ ಏಕೆ ತಾಯಿ? ಎಮ್ಮೆಗಳನ್ನು ಕೇಳು. ಅವು ದಿನವೂ ಮೈತುಂಬ ಬಣ್ಣ ಹಾಕಿಸಿಕೊಂಡು ಬರುತ್ತವೆ.”

ಕೂಡಿದ್ದವರೆಲ್ಲ ನಕ್ಕರು. ಅವಳು ನಗು ಮುಗಿಯುವವರೆಗೆ ಕಾದಳು.

“ಎಮ್ಮೆಯ ಕೆಸರು ತೊಳೆದರೆ ಹೋಗುತ್ತದೆ, ಅಣ್ಣಾ. ಇದು ಹೋಗಲಿಲ್ಲ. ನಾನು ಕೇಳುತ್ತಿರುವುದೂ ಅದನ್ನೇ.”

ಹಿರಿಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. “ಯಾವ ಬಣ್ಣ ಬರುತ್ತದೆ?”

“ಗೊತ್ತಿಲ್ಲ, ಅಯ್ಯಾ. ಬಾರದೆಯೂ ಇರಬಹುದು.”

“ಒಂದು ಗೇಣು ಬಟ್ಟೆಯನ್ನು ಮನೆಯಲ್ಲಿ ಅದ್ದಿ ತರಬೇಕಿತ್ತು. ನಿಯಮ ಗೊತ್ತಿಲ್ಲವೇ?”

“ಗೊತ್ತಿದೆ. ನನ್ನ ಮನೆಯಲ್ಲಿ ಇರುವುದು ಒಂದೇ ಮಡಕೆ. ಅದರಲ್ಲಿ ಗಂಜಿ ಕಾಯಿಸುತ್ತೇನೆ. ಯಜಮಾನರು ತಮ್ಮ ಗುಡಾಣಕ್ಕೆ ಕೆಸರು ಹಾಕಲು ಬಿಡುವುದಿಲ್ಲ, ಅದು ಸರಿಯೇ. ಗುಡಾಣವಿದ್ದಿದ್ದರೆ ಗುಡಾಣ ಕೇಳಲು ಬರುತ್ತಿರಲಿಲ್ಲ, ಅಯ್ಯಾ.”

ಹಿರಿಯ ಕಟ್ಟುನಿಟ್ಟಿನ ಮನುಷ್ಯ. ನಿಯಮಕ್ಕೆ ಹೊರತಾದದ್ದನ್ನು ಅವನು ಎಂದೂ ಮಾಡಿದವನಲ್ಲ. ಅವಳ ಬಟ್ಟೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟ. ಅವಳು ತೆಗೆದುಕೊಂಡು ಒಂದು ಹೆಜ್ಜೆ ಹಿಂದೆ ನಿಂತಳು.

ಅನಂತರ ಅವನು ಬಣ್ಣಗಾರನ ಬಟ್ಟೆಯನ್ನು ಕೈಗೆತ್ತಿಕೊಂಡ. ಪದ್ಧತಿಯಂತೆ ಅದರ ಮೂಲೆಯನ್ನು ಒದ್ದೆಮಾಡಿ ಬೇರೊಂದು ಬಿಳಿಯ ಬಟ್ಟೆಯ ಮೇಲೆ ಉಜ್ಜಿದ. ಹೊಸದಾಗಿ ಹಾಕಿದ ಬಣ್ಣ ಮೊದಲ ಒಗೆತಗಳಲ್ಲಿ ಸ್ವಲ್ಪವಾದರೂ ಬಿಡುತ್ತದೆ. ಇದು ಬಿಡಲಿಲ್ಲ. ಹಿಂದಿನ ವರ್ಷಗಳಲ್ಲಿ ತಂದ ಬಟ್ಟೆಗಳೂ ಬಿಟ್ಟಿರಲಿಲ್ಲ. ಅದನ್ನು ಅವನು ಕಸುಬಿನ ಹೆಚ್ಚುಗಾರಿಕೆಯೆಂದು ಎಣಿಸಿದ್ದ. ಆ ದಿನ ಹಾಗೆ ಎಣಿಸಲಿಲ್ಲ. ಹೆಂಗಸಿನ ಮಾತು ಇನ್ನೂ ಅವನ ಕಿವಿಯಲ್ಲಿತ್ತು.

“ಇದು ಎಷ್ಟು ಒಗೆತ ಕಂಡಿದೆ?”

“ಇಪ್ಪತ್ತು, ಅಯ್ಯಾ. ಹೋದ ವರ್ಷವೇ ನಮ್ಮ ಮನೆಯಲ್ಲಿ ತೆಗೆದ ಬಣ್ಣ. ತಮಗೆ ಅನುಮಾನ ಬರಬಾರದೆಂದು ಚೆನ್ನಾಗಿ ಒಗೆಸಿ ತಂದಿದ್ದೇನೆ.”

“ಬಣ್ಣ ಆಗಲೇ ಬಂದಿದೆಯಲ್ಲ. ಗುಡಾಣ ಏಕೆ?”

ಬಣ್ಣಗಾರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ತಾವು ಕೊಡುತ್ತೀರಲ್ಲ, ಅಯ್ಯಾ! ಎಲ್ಲರೂ ಹೀಗೆಯೇ ಪಡೆದಿದ್ದಾರೆ. ನೀಲಿ, ಪಟಿಕ ಮನೆಯ ಕೆಲಸಕ್ಕೆ ಆಗುತ್ತವೆ. ವರ್ಷದ ಕೊನೆಗೆ ಇದೇ ಬಣ್ಣದ ಇನ್ನೊಂದು ಗೇಣು ತಂದು ತೋರಿಸುತ್ತೇನೆ. ಎಂದಾದರೂ ತಪ್ಪಿದ್ದೇನೆಯೇ?”

ಅವನ ದನಿಯಲ್ಲಿ ಕಪಟವಿರಲಿಲ್ಲ. ಅವನು ತಪ್ಪಿರಲಿಲ್ಲ.

ಹಿರಿಯ ಎದ್ದ. ಹದಿಮೂರನೆಯ ಗುಡಾಣದ ಬಳಿಗೆ ಹೋದ. ಮುಚ್ಚಳವನ್ನು ಸರಿಸಲು ಇಬ್ಬರು ಬೇಕಾಯಿತು. ಅದು ಅಂಚಿಗೆ ಕಚ್ಚಿಕೊಂಡಿತ್ತು. ಅವನು ಮಂಡಿಯೂರಿ ಭುಜದವರೆಗೆ ಕೈ ಇಳಿಸಿದ. ಆ ಕೇರಿಯಲ್ಲಿ ಗುಡಾಣಕ್ಕೆ ಇಳಿದ ಕೈಯಿಂದ ಮೂರು ದಿನ ಬಣ್ಣ ಹೋಗುತ್ತಿರಲಿಲ್ಲ. ಅವನ ಕೈ ಹೊರಗೆ ಬಂತು. ಅದರ ಮೇಲೆ ಧೂಳು ಮಾತ್ರ ಇತ್ತು.

ಗುಡಾಣ ಯಾವಾಗ ಒಣಗಿತು ಎಂಬುದು ಯಾರಿಗೂ ತಿಳಿದಿರಲಿಲ್ಲ. ಅದು ಕೆಡಲಿಲ್ಲ ಎಂಬುದು ನಿಜವೇ. ಒಣಗಿದ ಗುಡಾಣ ಕೆಡುವುದಿಲ್ಲ.

ಹಿರಿಯನೂ ಒಂದು ಕಾಲಕ್ಕೆ ಆ ಗುಡಾಣ ಪಡೆದವನೇ. ತಾನು ಆ ವರ್ಷ ಎಷ್ಟು ದಿನ ಅದರ ಮುಚ್ಚಳ ತೆಗೆದೆ ಎಂದು ನೆನಪಿಸಿಕೊಂಡ. ಅವನು ಯಾರನ್ನೂ ಬೈಯಲಿಲ್ಲ. ಕೈಯ ಧೂಳನ್ನು ಕೊಡವಿ ತನ್ನ ಜಾಗಕ್ಕೆ ಬಂದು ಕುಳಿತ.

“ಈ ವರ್ಷದ ಗುಡಾಣ ಜಾಲಿಸುವವಳಿಗೆ.”

“ನನ್ನ ಬಣ್ಣದಲ್ಲಿ ಏನು ದೋಷ, ಅಯ್ಯಾ?” ಎಂದು ಬಣ್ಣಗಾರ ಕೇಳಿದ.

“ದೋಷವಿಲ್ಲ. ಅದು ಮುಗಿದಿದೆ.”

ಪಕ್ಕದಲ್ಲಿ ಕುಳಿತಿದ್ದ ಮುದುಕ ಹಿರಿಯನ ತೋಳು ಹಿಡಿದ. “ಅವಸರ ಮಾಡಬೇಡಪ್ಪಾ. ಬಣ್ಣ ಬಾರದಿದ್ದರೆ? ಕೆಸರು ಹೊಕ್ಕ ಗುಡಾಣದಲ್ಲಿ ಆಮೇಲೆ ಕೆಂಪು ಹಾಕಿದರೂ ಮಂಕು, ಹಳದಿ ಹಾಕಿದರೂ ಮಂಕು. ಪಕ್ಕದ ಕೇರಿಯವರು ಮತ್ತೆ ನಗುತ್ತಾರೆ.”

“ನಗಲಿ. ಬಣ್ಣ ಬಾರದಿದ್ದರೆ, ಬಾರಲಿಲ್ಲ ಎಂದು ಅವಳು ಈ ಅಂಗಳದಲ್ಲಿ ನಿಂತು ಹೇಳಬೇಕು. ಏನೇನು ಮಾಡಿದೆ, ಹೇಗೆ ಮಾಡಿದೆ ಎಂಬುದನ್ನೂ ಹೇಳಬೇಕು. ಮುಂದೆ ಆ ದಾರಿಯಲ್ಲಿ ಹೋಗುವವನಿಗೆ ಒಂದು ವರ್ಷ ಉಳಿಯುತ್ತದೆ.”

ಅವನು ಹೆಂಗಸಿನ ಕಡೆಗೆ ತಿರುಗಿದ. ಮುಖದಲ್ಲಿ ಮೆದುತನವಿರಲಿಲ್ಲ.

“ಒಂದು ವರ್ಷ. ಅದ್ದಿದ ಪ್ರತಿಯೊಂದು ಬಟ್ಟೆಯನ್ನೂ ಇಲ್ಲಿ ಹಗ್ಗದ ಮೇಲೆ ಹರವಬೇಕು. ಬಣ್ಣ ಹಿಡಿಯದ ಬಟ್ಟೆಯನ್ನೂ ಹರವಬೇಕು. ಒಂದನ್ನು ಬಚ್ಚಿಟ್ಟರೂ ಗುಡಾಣ ಹಿಂದಕ್ಕೆ. ಮೈಗಳ್ಳತನ ಕಂಡರೂ ಹಿಂದಕ್ಕೆ. ಒಪ್ಪಿಗೆಯೇ?”

“ಒಪ್ಪಿಗೆ, ಅಯ್ಯಾ.”

ಅವಳು ಬೂದುಬಣ್ಣ ಹಿಡಿದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಣಗಿದ ಗುಡಾಣವನ್ನು ತೊಳೆಯಲು ನೀರು ಬೇಕಿತ್ತು. ಕೊಡ ತೆಗೆದುಕೊಂಡು ಕೆರೆಯ ಕಡೆಗೆ ಹೊರಟಳು.

ಗುರು ಇಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದರು.

ಶಿಷ್ಯ ಕಾದ. ಕತೆ ಮುಂದುವರಿಯಲಿಲ್ಲ. ಅವನ ಕೈ ಅರ್ಜಿಯ ಮೇಲಿತ್ತು. ಕೊನೆಗೆ ಅವನೇ ಕೇಳಿದ.

“ಗುರುಗಳೇ, ಆ ಹೆಂಗಸಿಗೆ ಬಣ್ಣ ಬಂತೇ?”

ಗುರು ಅರ್ಜಿಯನ್ನು ಅವನ ಕಡೆಗೆ ಸರಿಸಿದರು.

“ಗುಡಾಣಕ್ಕೆ ಇನ್ನೂ ನೀರು ಬಿದ್ದಿಲ್ಲ, ನೀನು ಆಗಲೇ ಬಣ್ಣ ಕೇಳುತ್ತಿದ್ದೀಯೆ.”