ಡ್ರಿಲ್ಲಿನ ಕಂಬಳಿ ರುಮಾಲು

ಹಾಲೇಶಪ್ಪ ತನ್ನ ಹಳೆ ಕಾರಿಗೆ ಮನೆಯಲ್ಲೇ ಪಾಲಿಶ್ ಹಾಕಲು ಹೊರಟ. ಕಂಬಳಿಯನ್ನು ದುಂಡಗೆ ಕತ್ತರಿಸಿ, ಗೋಡೆ ಕೊರೆಯುವ ಡ್ರಿಲ್ಲಿನ ತುದಿಗೆ ಬಿಗಿದ. ಡ್ರಿಲ್ಲು ಅದನ್ನು ತನ್ನ ತಲೆಯ ರುಮಾಲೆಂದುಕೊಂಡು ಬೀಗಿತು.

ರಿಪೇರಿಗೆಂದು ಬಿಚ್ಚಿ ಅಂಗಳದಲ್ಲಿಟ್ಟಿದ್ದ ಹರಕು ಸೀಟು ಕೇಳಿತು: “ಅಣ್ಣಾ, ನನ್ನ ಹೊಟ್ಟೆಯ ಸ್ಪಂಜೆಲ್ಲ ಉದುರಿಹೋಗಿದೆ. ಆ ಕಂಬಳಿಯಲ್ಲಿ ಒಂದು ಚೂರು ಕೊಡುತ್ತೀಯಾ?”

“ಛೀ! ಕಂಡವರನ್ನೆಲ್ಲ ಮೈಮೇಲೆ ಕೂರಿಸಿಕೊಳ್ಳುವ ನಿನಗೆ ರುಮಾಲಿನ ಬೆಲೆ ಏನು ಗೊತ್ತು? ನಾನೀಗ ಗೋಡೆ ಕೊರೆಯುವವನಲ್ಲ, ಹೊಳಪು ಕೊಡುವವನು” ಎಂದಿತು ಡ್ರಿಲ್ಲು.

ಗುರ್ರೆಂದು ತಿರುಗಿತು. ಕಾರಿನ ಬಾನೆಟ್ಟು ಕನ್ನಡಿಯಂತಾಯಿತು. ಅದರೊಳಗೆ ಡ್ರಿಲ್ಲಿಗೆ ತನ್ನ ರುಮಾಲು ಕಂಡಿತು.

“ಸಾಕು ಮಾರಾಯ, ಹೊಳಪು ಬಂತು” ಎಂದಿತು ಬಾನೆಟ್ಟು.

“ನಿನಗೆ ಬಂತು. ನನ್ನ ಮುಖ ಇನ್ನೂ ಸ್ವಲ್ಪ ಚೆನ್ನಾಗಿ ಕಾಣಬೇಕು” ಎಂದಿತು ಡ್ರಿಲ್ಲು.

ಅಷ್ಟರಲ್ಲಿ ಹಾಲೇಶಪ್ಪನಿಗೂ ತನ್ನ ಮೀಸೆ ಕಾಣತೊಡಗಿತ್ತು. ಅವನೂ ಸಾಕೆನ್ನಲಿಲ್ಲ.

ಉಜ್ಜಿ ಉಜ್ಜಿ ಬಣ್ಣವೇ ಎದ್ದುಹೋಗಿ, ಕೆಳಗಿನ ಮಂಕು ತಗಡು ಇಣುಕಿತು. ಈಗ ಅಲ್ಲಿ ರುಮಾಲೂ ಇಲ್ಲ, ಮೀಸೆಯೂ ಇಲ್ಲ.

ಹಾಲೇಶಪ್ಪ ತಪ್ಪೆಲ್ಲ ಡ್ರಿಲ್ಲಿನದೇ ಎಂಬಂತೆ ಅದನ್ನೊಮ್ಮೆ ದುರುಗುಟ್ಟಿ ನೋಡಿದ. ಕಂಬಳಿಯನ್ನು ಕಿತ್ತು ಸೀಟಿನ ಹೊಟ್ಟೆಗೆ ತುರುಕಿದ. ಮೇಲೊಂದು ರೆಕ್ಸಿನ್ ತೇಪೆ ಹಾಕಿ ಹೊಲಿದ. ಕೂತು ನೋಡಿದವನಿಗೆ ಸಿಟ್ಟು ಅರ್ಧ ಇಳಿಯಿತು.

ಬೋಳುತಲೆಯ ಡ್ರಿಲ್ಲು ಮೂಲೆಯಲ್ಲಿ ಬಿದ್ದಿತ್ತು.

ಸೀಟು ಅದಕ್ಕೆ ಮೆಲ್ಲನೆ ಹೇಳಿತು: “ನಿನ್ನ ರುಮಾಲು ಬಲು ಮೆತ್ತಗಿದೆ, ಅಣ್ಣಾ. ತಲೆಯ ಮೇಲಿದ್ದಾಗ ನಿನಗೆ ಗೊತ್ತಾಗಿರಲಿಕ್ಕಿಲ್ಲ.”