ಛತ್ರಿ ಕೋಲಿನ ಕಾಫಿ

"ನಮ್ಮಮ್ಮ ಮಾಡುತ್ತಿದ್ದಳಲ್ಲ, ಆ ಕಾಫಿ ಬೇಕು. ಬೀಜ ಮನೆಯಲ್ಲೇ ಹುರಿ. ಯಂತ್ರಗಿಂತ್ರ ಅಂತ ದುಡ್ಡು ಕೇಳಬೇಡ. ಆಗದಿದ್ದರೆ ಬೇರೆ ಮನೆ ನೋಡಿಕೋ" ಎಂದರು ನಿವೃತ್ತ ತಹಶೀಲ್ದಾರ್ ಶೇಷಗಿರಿರಾಯರು.

ಅಡುಗೆಯ ಪುಟ್ಟಕ್ಕ ಹಳೇ ಎಣ್ಣೆ ಡಬ್ಬಕ್ಕೆ ತೂತು ಕೊರೆದಳು. ಮುರಿದ ಛತ್ರಿಯ ಕೋಲನ್ನು ಅದರೊಳಗೆ ತೂರಿಸಿ, ಡೊಂಕು ಹಿಡಿಯಿಂದ ತಿರುಗಿಸುತ್ತಾ ಇದ್ದಿಲೊಲೆಯ ಮೇಲೆ ಬೀಜ ಹುರಿದಳು. ರಾಯರು ಒಂದು ಗುಟುಕು ಕುಡಿದು ಲೋಟ ಸರಿಸಿದರು.

"ಇದಲ್ಲ."

"ಅಮ್ಮಾವ್ರು ಹುರಿಯುವಾಗ ನೀವೆಲ್ಲಿರ್ತಿದ್ರಿ?"

"ಹಿತ್ತಿಲ ಹೊಸಿಲ ಮೇಲೆ, ಘಮ ಕುಡೀತಾ. ಮಕ್ಕಳಿಗೆಲ್ಲಿ ಕಾಫಿ? ದೊಡ್ಡವರದೆಲ್ಲ ಮುಗಿದ ಮೇಲೆ ಕರೆದು, ತಳದಲ್ಲಿ ಉಳಿದಿದ್ದು ಕೊಡುತ್ತಿದ್ದಳು."

ಮರುದಿನ ಪುಟ್ಟಕ್ಕ ಒಲೆಯನ್ನು ಹಿತ್ತಿಲ ಬಾಗಿಲಲ್ಲೇ ಹೂಡಿದಳು. ಘಮ ಮನೆ ತುಂಬಿತು. ರಾಯರು ಕಾಫಿ ಕೇಳಿದರು. "ಇನ್ನೂ ಆಗಿಲ್ಲ" ಎಂದಳು. ಗದರಿದರು. "ಆಗಿಲ್ಲ ರಾಯರೇ." ಕೊನೆಗೆ ಅವರೇ ಬಂದು ಹೊಸಿಲ ಮೇಲೆ ಕೂತರು. ಪುಟ್ಟಕ್ಕ ತಾನು ಕುಡಿದಳು, ಹಾಲಿನವಳಿಗೂ ಕೊಟ್ಟಳು. ಆಮೇಲೆ ತಳದ ಎರಡು ಗುಟುಕು ಲೋಟಕ್ಕೆ ಬಗ್ಗಿಸಿ ರಾಯರನ್ನು ಕರೆದಳು.

ರಾಯರು ಕೊನೆಯ ಹನಿಯವರೆಗೂ ಕುಡಿದು ಲೋಟ ಕೆಳಗಿಟ್ಟರು.

"ಇದೇ. ಏನು ಹಾಕಿದೆ ಇದಕ್ಕೆ?"

"ನಿನ್ನೆಯ ಬೀಜವೇ ರಾಯರೇ. ಕೊಡೋದು ತಡ ಮಾಡಿದೆ, ಅಷ್ಟೇ."

ರಾಯರು ಅವಳನ್ನು ಕೆಲಸದಿಂದ ಬಿಡಿಸುವ ಮಾತೆತ್ತಲಿಲ್ಲ. ಮಾರನೇ ಬೆಳಿಗ್ಗೆ ಅವಳಿಗೇ ಅಯ್ಯೋ ಎನ್ನಿಸಿ, ಮೊದಲ ಲೋಟವನ್ನೇ ಅವರಿಗೆ ತಂದಳು. ಹೊಸಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದ ರಾಯರು ತಲೆಯಾಡಿಸಿದರು.

"ಈಗಲೇ ಬೇಡ ಪುಟ್ಟಕ್ಕ. ಅಮ್ಮ ಇನ್ನೂ ಕರೆದಿಲ್ಲ."